ಮುದ್ದಣನ ಬಿಡುವು

ಸಾಹಿತ್ಯವು ಬಿಡುವುಳ್ಳವರ ಸೊತ್ತೆಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ಹೊಟ್ಟೆಪಾಡಿನ ಉದ್ಯೋಗ, ಮನೆವಾರ್ತೆಯ ಜಂಜಾಟ, ನೆಂಟರಿಷ್ಟರ ಉಪಚಾರ, ಇವುಗಳ ನಡುವೆ ಸಿಕ್ಕಿದವನಿಗೆ ಕಾವ್ಯವೆಲ್ಲಿಯದು, ಕಾವ್ಯಚಿಂತನೆಯೆಲ್ಲಿಯದು ಎಂದು ಕೇಳುವವರು ವಿದ್ಯಾವಂತರ ಮನೆಗಳಲ್ಲಿಯೇ ಹೆಚ್ಚು. ಈ ಮಾತಿನಲ್ಲಿ ಸ್ವಲ್ಪ ನಿಜವೂ ಉಂಟು. ಆದರೆ ಅದು ಪೂರ್ತಿ ನಿಜವಾಗಿದ್ದರೆ ಕನ್ನಡದಲ್ಲಿ ಮುದ್ದಣನೆಂಬ ಕವಿಯು ಹುಟ್ಟಬಾರದಾಗಿತ್ತು. ಆತನ ‘ಶ್ರೀರಾಮಾಶ್ವಮೇಧ’ವನ್ನು ಗದ್ಯದ ಸೊಗಸಿಗಾಗಿ ಮೆಚ್ಚಿದವರು ಬಹುಮಂದಿ, ಅದರೊಳಗಣ ಸರಸ ಸಂಭಾಷಣೆಗಾಗಿ ಮೆಚ್ಚಿದವರು ಅವರಿಗಿಂತಲೂ ಹೆಚ್ಚು. ಚಿತ್ತವನ್ನು ಚೆದರಿಸುವ ನೂರು ಸಂಗತಿಗಳ ನಡುವೆ ಮನುಷ್ಯನು ವಿಚಾರವಂತನಾಗಿ ಬಾಳುವುದಕ್ಕೆ ಸೃಷ್ಟಿಕಾರ್ಯವು ಹೇಗೆ ಒದಗೀತೆಂಬುದಕ್ಕೆ ಅದೇ ಗ್ರಂಥವು ಒಂದು ಉತ್ತರವನ್ನು ಕೊಡುತ್ತದೆ. ಆ ಉತ್ತರವನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ಬಿಡುವಿನ ಪ್ರಶ್ನೆಯನ್ನು ಪ್ರಾಚೀನ ಲಾಕ್ಷಣಿಕರು ಮರೆತವರಲ್ಲ. ಕ್ರಿ. ಶ. ೯೦೦ರ ಸುಮಾರಿನಲ್ಲಿ ಕನ್ಯಾಕುಬ್ಜದ ಪ್ರತೀಹಾರ ದೊರೆಗಳ ಆಶ್ರಯದಲ್ಲಿದ್ದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯ ಹತ್ತನೆಯ ಅಧ್ಯಾಯದಲ್ಲಿ ಕವಿಯ ದಿನಚರ್ಯೆಯನ್ನು ವಿವರವಾಗಿ ಹೇಳಿದ್ದಾನೆ. ಈ ಗ್ರಂಥವು ೧೯೧೬ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಅಚ್ಚಾದ ಮೇಲೆ ವಿದ್ವಾಂಸರ ಕೈಗೆ ಸುಲಭವಾಗಿ ದೊರೆಯಿತು. ಅದರ ಮತದಲ್ಲಿ ಕವಿಯು ಹಗಲಿನ ನಾಲ್ಕು ಜಾವಗಳನ್ನೂ ಇರುಳಿನ ನಾಲ್ಕು ಜಾವಗಳನ್ನೂ ಹಂಚಿಕೊಳ್ಳಬೇಕು. ಬೆಳಗಿನ ಜಾವದಲ್ಲಿ ಶಾಸ್ತ್ರಗಳ ವ್ಯಾಸಂಗ, ಎರಡನೆಯದರಲ್ಲಿ ಕಾವ್ಯರಚನೆ, ಊಟವಾದ ಬಳಿಕ ಮೂರನೆಯದರಲ್ಲಿ ಕಾವ್ಯಗೋಷ್ಠಿ, ನಾಲ್ಕನೆಯದರಲ್ಲಿ ಒಬ್ಬನೇ ಆಗಲಿ, ಕೆಲವೇ ಆಪ್ತರೊಡನಾಗಲಿ, ಬೆಳಗ್ಗೆ ಬರೆದುದರ ಪರೀಕ್ಷೆ. ರಸಾವೇಶದಲ್ಲಿ ಬರೆಯುವವನಿಗೆ ವಿವೇಚಿಸುವ ಕಣ್ಣು ಇರುವುದಿಲ್ಲವಾದುದರಿಂದ ಹೆಚ್ಚಾದುದನ್ನು ತೆಗೆದು, ಕಡಮೆಯಾದುದನ್ನು ತುಂಬಿ, ಜಾಗ ತಪ್ಪಿದುದನ್ನು ಸರಿಪಡಿಸುವ ಕೆಲಸಕ್ಕೆ ಬೇರೆ ಹೊತ್ತು ಬೇಕೆಂದು ಆತನ ಅಭಿಪ್ರಾಯ. ಕವಿಯ ಮನೆಯಾದರೂ ಎಂತಹುದು! ಆರು ಋತುಗಳಿಗೂ ಒಪ್ಪುವ ಬೇರೆ ಬೇರೆ ಎಡೆಗಳು, ತೋಟ, ಕೊಳ, ಧಾರಾಗೃಹ, ಲತಾಮಂಟಪ, ತೂಗುಯ್ಯಾಲೆ. ನವಿಲು, ಜಿಂಕೆ, ಗಿಳಿಗಳ ಪರಿವಾರ. ಕವಿಯು ದಣಿದಾಗ ಸುತ್ತಲಿನ ಸೇವಕರು ಮಾತನಾಡದೆ ಸುಮ್ಮನಿರಬೇಕು.

ಇದನ್ನು ಓದಿದ ಸಾಮಾನ್ಯ ಗೃಹಸ್ಥನಿಗೆ ನಗು ಬರುವುದು ಸಹಜ. ಆದರೆ ರಾಜಶೇಖರನು ಇಷ್ಟಕ್ಕೇ ನಿಲ್ಲಿಸಲಿಲ್ಲ. ಹೊತ್ತನ್ನು ಬಳಸಿಕೊಳ್ಳುವ ಬಗೆಯಿಂದ ಕವಿಗಳಲ್ಲಿ ನಾಲ್ಕು ವಿಧಗಳನ್ನು ಆತನು ಎಣಿಸುತ್ತಾನೆ. ಒಳಮನೆಯಲ್ಲಿ ಹುದುಗಿಕೊಂಡು ನಿಷ್ಠೆಯಿಂದ ಬರೆಯುವವನು ಅಸೂರ್ಯಂಪಶ್ಯ. ಅವನಿಗೆ ಎಲ್ಲ ಹೊತ್ತೂ ಕಾವ್ಯದ ಹೊತ್ತೇ. ಮನಸ್ಸು ಬಂದಾಗ ಕುಳಿತು ಬರೆಯುವವನು ನಿಷಣ್ಣ. ಒಂದು ಸಂದರ್ಭಕ್ಕಾಗಿ ಬರೆಯುವವನು ಪ್ರಾಯೋಜನಿಕ. ಇವರ ನಡುವೆ ಇನ್ನೊಬ್ಬನಿದ್ದಾನೆ. ಸೇವೆ ಮೊದಲಾದ ತನ್ನ ಕೆಲಸಕ್ಕೆ ಕುಂದು ಬಾರದಂತೆ ಉಳಿದ ಸಮಯದಲ್ಲಿ ಕವಿತೆಯನ್ನು ಮಾಡುವವನು ಅವನು. ಅವನ ಹೆಸರು ದತ್ತಾವಸರ. ಎಂದರೆ, ಅವನ ಬಿಡುವು ಅವನದಲ್ಲ, ಕೊಟ್ಟದ್ದು, ಸಿಕ್ಕಿದ್ದು. ಅವನಿಗೆ ಒದಗುವ ಹೊತ್ತುಗಳಲ್ಲಿ ಕೆಲವನ್ನು ನೋಡಬೇಕು. ಇರುಳಿನ ಕಡೆಯ ಪಾಲು ಒಂದು. ಅದನ್ನು ಸಾರಸ್ವತ ಮುಹೂರ್ತವೆಂದು ಕರೆದಿದೆ. ಉಂಡು ತೃಪ್ತಿಯಾದ ಹೊತ್ತು ಮತ್ತೊಂದು. ಪಲ್ಲಕ್ಕಿಯಲ್ಲಿ ಪಯಣ ಹೋಗುವ ಹೊತ್ತು ಇನ್ನೊಂದು. ಆಗ ಬೇರೆ ವಿಷಯಗಳಿಲ್ಲವಾಗಿ ಮನಸ್ಸು ಒಂದೆಡೆ ನಿಲ್ಲುವುದಂತೆ. ಸಾವಿರ ವರ್ಷಗಳಿಗಿಂತ ಹಿಂದಿನ ಶಾಸ್ತ್ರಕಾರನು ನೌಕರಿಯವನ ಕಷ್ಟವನ್ನು ಅರಿತು ಅವನಿಗೂ ಕವಿಗಳ ಪಂಕ್ತಿಯಲ್ಲಿ ಒಂದು ಮಣೆಯನ್ನು ಹಾಕಿಸಿದ್ದಾನೆಂಬುದು ಸಣ್ಣ ಸಂಗತಿಯಲ್ಲ. ಕನ್ನಡದಲ್ಲಿ ಆ ಮಣೆಯ ಮೇಲೆ ಕುಳ್ಳಿರಿಸಲು ಮುದ್ದಣನಿಗಿಂತ ಯೋಗ್ಯರಾದವರು ವಿರಳ.

೨

ನಂದಳಿಕೆ ಲಕ್ಷ್ಮೀನಾರಣಪ್ಪನು ೧೮೭೦ರಲ್ಲಿ ಕಾರ್ಕಳದ ಸೀಮೆಯ ನಂದಳಿಕೆಯಲ್ಲಿ ಹುಟ್ಟಿದನು. ಮುದ್ದಣನೆಂಬುದು ಬಾಲ್ಯದಲ್ಲಿ ಮನೆಯವರು ಕರೆದ ಮುದ್ದಿನ ಹೆಸರು. ಬಡತನದಿಂದ ಓದು ದೂರ ಹೋಗಲಿಲ್ಲ. ಮದರಾಸಿನಲ್ಲಿ ಅಂಗಸಾಧನೆಯ ಶಿಕ್ಷಣವನ್ನು ಪಡೆದು ಬಂದು ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾದನು. ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೈಕಾಲುಗಳನ್ನು ಆಡಿಸುವುದನ್ನು ಕಲಿಸುವ ಕೆಲಸ. ದಿನವೆಲ್ಲ ಬಿಸಿಲು, ಗದ್ದಲ, ಕೂಗು. ಸಂಬಳವು ಅಲ್ಪ. ಇಂತಹ ಬಾಳಿನಲ್ಲಿ ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಎಂಬ ಎರಡು ಯಕ್ಷಗಾನ ಪ್ರಸಂಗಗಳೂ, ‘ಅದ್ಭುತ ರಾಮಾಯಣ’ವೆಂಬ ಗದ್ಯವೂ, ‘ಶ್ರೀರಾಮಪಟ್ಟಾಭಿಷೇಕ’ವೆಂಬ ಷಟ್ಪದಿಯೂ, ‘ಶ್ರೀರಾಮಾಶ್ವಮೇಧ’ವೂ ಹುಟ್ಟಿದವು. ೧೯೦೧ರ ಫೆಬ್ರವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ಆತನು ತೀರಿಕೊಂಡನು.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಬಡತನದಿಂದಲೂ ರೋಗದಿಂದಲೂ ಕಾವ್ಯವು ಹುಟ್ಟಿತೆಂದು ಹೇಳುವುದು ಬಡವನಿಗೂ ಕಾವ್ಯಕ್ಕೂ ಮಾಡುವ ಅನ್ಯಾಯ. ಇನ್ನಿಪ್ಪತ್ತು ವರ್ಷ ಆತನು ಬದುಕಿದ್ದರೆ, ಹೊಟ್ಟೆಗೆ ಸಾಕಷ್ಟಿದ್ದಿದ್ದರೆ, ಕನ್ನಡಕ್ಕೆ ಏನು ಲಾಭವಾಗುತ್ತಿತ್ತೋ ಯಾರು ಬಲ್ಲರು? ಕಷ್ಟವು ಕಾವ್ಯಕ್ಕೆ ಕಾರಣವಲ್ಲ. ಕಷ್ಟವಿದ್ದರೂ ಕಾವ್ಯವು ಆಯಿತು ಎಂಬಷ್ಟೇ ಹೇಳತಕ್ಕ ಮಾತು. ಅದು ಹೇಗಾಯಿತೆಂಬುದೇ ಕೇಳತಕ್ಕ ಪ್ರಶ್ನೆ.

ಆತನ ಕಾಲವು ಒಂದು ವಿಷಯದಲ್ಲಿ ಅನುಕೂಲವಾಗಿತ್ತೆನ್ನಬೇಕು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಕಿಟ್ಟೆಲ್ ಪಂಡಿತನು ಮಂಗಳೂರಿನಲ್ಲಿ ೧೮೭೨ರಲ್ಲಿ ಅಚ್ಚುಹಾಕಿಸಿದ್ದನು, ಅವನ ದೊಡ್ಡ ನಿಘಂಟು ೧೮೯೪ರಲ್ಲಿ ಹೊರಬಿದ್ದಿತು. ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಹಳೆಯ ಕಾವ್ಯಗಳನ್ನು ಓಲೆಯಿಂದ ಕಾಗದಕ್ಕೆ ಇಳಿಸಿ ಪ್ರಕಟಿಸುತ್ತಿದ್ದರು. ಮರೆತುಹೋಗಿದ್ದ ಹಳಗನ್ನಡವು ಮೆಲ್ಲಮೆಲ್ಲನೆ ಕಣ್ಣುಬಿಡುತ್ತಿತ್ತು. ವ್ಯಾಯಾಮದ ಉಪಾಧ್ಯಾಯನು ಆ ಭಾಷೆಯನ್ನು ತನ್ನ ಏಕಾಂತದ ಮನೆಯನ್ನಾಗಿ ಮಾಡಿಕೊಂಡನು. ಇದರಲ್ಲಿ ಸೂಕ್ಷ್ಮವೊಂದಿದೆ. ದಿನಬಳಕೆಯ ನುಡಿಯಲ್ಲಿ ಬರೆಯುವವನ ಲೇಖನಿಯು ಮನಸ್ಸು ಬೇರೆಡೆಗೆ ಹೋದರೂ ಓಡೀತು. ವಿಭಕ್ತಿ, ಸಂಧಿ, ಕ್ರಿಯಾರೂಪಗಳನ್ನು ಒಂದೊಂದಾಗಿ ಆಯ್ದು ಕೂರಿಸಬೇಕಾದ ನುಡಿಯಲ್ಲಿ ಬರೆಯುವವನಿಗೆ ಆ ಸೌಕರ್ಯವಿಲ್ಲ. ಮನಸ್ಸು ಜಾರಿದರೆ ವಾಕ್ಯವು ಮುರಿಯುತ್ತದೆ. ಹೀಗೆ ಹಳಗನ್ನಡವು ಮುದ್ದಣನಿಗೆ ಅಲಂಕಾರಕ್ಕಿಂತ ಹೆಚ್ಚಾಗಿ ಚಿತ್ತಕ್ಕೆ ಹಾಕಿದ ಕಡಿವಾಣವಾಗಿ ಒದಗಿತೆಂದು ಊಹಿಸಬಹುದು. ಸಂಗೀತಗಾರನಿಗೆ ಶ್ರುತಿ, ನೆಯ್ಗೆಯವನಿಗೆ ಹಾಸು, ಕವಿಗೆ ಭಾಷೆಯ ನಿಯಮ: ಇವು ಮನಸ್ಸನ್ನು ಬಲಾತ್ಕಾರವಿಲ್ಲದೆ ಒಂದು ಕಡೆ ನಿಲ್ಲಿಸುವ ಉಪಾಯಗಳು.

೩

ಇನ್ನು ಗ್ರಂಥಕ್ಕೆ ಬರಬೇಕು. ‘ಶ್ರೀರಾಮಾಶ್ವಮೇಧ’ದ ಕಥೆಯು ಪದ್ಮಪುರಾಣದ ಪಾತಾಳಖಂಡದಲ್ಲಿ ಆದಿಶೇಷನು ವಾತ್ಸ್ಯಾಯನ ಋಷಿಗೆ ಹೇಳಿದ್ದು. ಮುದ್ದಣನು ಆ ಹೇಳುವವ ಕೇಳುವವರನ್ನು ಹಿಂದಕ್ಕಿಟ್ಟು, ಮುಂದುಗಡೆಯಲ್ಲಿ ತನ್ನ ಹೆಸರಿನ ಕವಿಯೊಬ್ಬನನ್ನೂ ಅವನ ಹೆಂಡತಿ ಮನೋರಮೆಯನ್ನೂ ತಂದು ಕೂರಿಸಿದ್ದಾನೆ. ಮಳೆಗಾಲ. ಗಂಡನು ಅರಮನೆಯಿಂದ ದಣಿದು ಮನೆಗೆ ಬರುತ್ತಾನೆ. ಹೆಂಡತಿಯು ಉಪಚರಿಸಿ, ಹೊತ್ತು ಹೋಗದೆಂದು, ಒಳ್ಳೆಯ ಕಥೆಯನ್ನು ಹೇಳೆನ್ನುತ್ತಾಳೆ. ಯಾವ ಕಥೆ? ಅದೇ ಮೊದಲ ಚರ್ಚೆ. ಪದ್ಯವೋ ಗದ್ಯವೋ? ಅದು ಎರಡನೆಯದು, ಆಕೆಯ ಒಲವು ಗದ್ಯದ ಕಡೆಗೆ. ಕವಿಯು ಗಂಟಲು ಸರಿಮಾಡಿಕೊಂಡು ಬಿಗಿಯಾದ ಸಂಸ್ಕೃತ ಸಮಾಸದಲ್ಲಿ ತೊಡಗಿದರೆ ಆಕೆ ತಡೆಯುತ್ತಾಳೆ: ಇದು ಯಾರಿಗೆ ತಿಳಿಯಬೇಕು? ಕನ್ನಡದಲ್ಲಿ ಹೇಳಬಾರದೇಕೆ? ಕವಿಯು ಸೋಲೊಪ್ಪಿಕೊಂಡು, ಕನ್ನಡದ ನಡುವೆ ಸಂಸ್ಕೃತವು ಅಲ್ಲಲ್ಲಿ ಹೊಳೆಯುವಂತೆ ಹೇಳುವೆನೆಂದು ಒಪ್ಪಂದ ಮಾಡಿಕೊಳ್ಳುತ್ತಾನೆ. ಕಥೆಯು ಹೊರಟ ಮೇಲೂ ನಡುನಡುವೆ ಆಕೆಯ ಪ್ರಶ್ನೆ, ಕೀಟಲೆ, ಮರುಕ, ಆಕ್ಷೇಪಗಳು ಬಂದು ಸೇರುತ್ತಲೇ ಇರುತ್ತವೆ.

ಈ ಸಲ್ಲಾಪವನ್ನು ವಿಮರ್ಶಕರು ಸಾಮಾನ್ಯವಾಗಿ ವಿನೋದವೆಂದೂ, ಓದುಗನ ಬೇಸರವನ್ನು ಕಳೆಯುವ ಉಪಾಯವೆಂದೂ ಹೇಳಿ ಬಿಡುತ್ತಾರೆ. ಅಷ್ಟು ಹೇಳಿದರೆ ಸಾಲದು. ರಾಜಶೇಖರನ ಕವಿಗೆ ಬೇಕಾದವರು ಸುಮ್ಮನಿರುವ ಸೇವಕರು; ಮುದ್ದಣನ ಕವಿಗೆ ಒದಗಿದವಳು ಸುಮ್ಮನಿರದ ಹೆಂಡತಿ. ಹೊಳಪು ಬಂದ ವಾಕ್ಯದ ನಡುವೆ ಬಾಯಿ ಹಾಕುವವಳನ್ನು ವಿಘ್ನವೆಂದು ಎಣಿಸಿ ಬಾಗಿಲನ್ನು ಮುಚ್ಚಿಕೊಂಡಿದ್ದರೆ ಪಾಂಡಿತ್ಯಪೂರ್ಣವಾದ ಇನ್ನೊಂದು ಅಶ್ವಮೇಧವು ಹುಟ್ಟುತ್ತಿತ್ತು. ಈ ಅಶ್ವಮೇಧವು ಹುಟ್ಟುತ್ತಿರಲಿಲ್ಲ. ಕವಿಯು ವಿಘ್ನಕ್ಕೆ ಪೀಠ ಹಾಕಿ ಕೂರಿಸಿದನು. ವಿಘ್ನವು ಕೃತಿಯ ಅಂಗವಾಯಿತು. ಕನ್ನಡದಲ್ಲಿ ಹೇಳೆಂಬ ಆಕೆಯ ಹಟದಿಂದಲೇ ಗ್ರಂಥದ ಶೈಲಿಯು ನಿರ್ಣಯವಾಯಿತೆಂದು ಕವಿಯೇ ಕಲ್ಪಿಸಿರುವಾಗ, ಆಕೆಯನ್ನು ಬರಿಯ ವಿನೋದದ ಪಾತ್ರವೆನ್ನುವುದು ಹೇಗೆ?

ಹಾಗಾದರೆ ಎಲ್ಲ ಅಡ್ಡಿಗಳೂ ಒಳ್ಳೆಯವೆಂದಾಯಿತೇ? ಇಲ್ಲ. ಯೋಗಸೂತ್ರಗಳ ಮೇಲಣ ವ್ಯಾಸಭಾಷ್ಯವು ಚಿತ್ತಕ್ಕೆ ಐದು ಭೂಮಿಗಳನ್ನು ಹೇಳುತ್ತದೆ: ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ. ಒಂದರಿಂದ ಒಂದಕ್ಕೆ ಸದಾ ಎಸೆಯಲ್ಪಡುವುದು ಕ್ಷಿಪ್ತ. ಜಡವಾಗಿ ಮುಳುಗಿರುವುದು ಮೂಢ. ಚಂಚಲವಾಗಿದ್ದರೂ ನಡುನಡುವೆ ನೆಲೆ ನಿಲ್ಲುವುದು ವಿಕ್ಷಿಪ್ತ. ಭಾಷ್ಯಕಾರನು ವಿಕ್ಷಿಪ್ತದಲ್ಲಿ ಬರುವ ಸಮಾಧಿಯನ್ನು ಯೋಗದ ಪಕ್ಷಕ್ಕೆ ಸೇರಿಸುವುದಿಲ್ಲ. ಯೋಗಿಗೆ ಅದು ಸಾಲದು. ಆದರೆ ಸಂಸಾರಿಗೆ ದೊರೆಯುವ ಭೂಮಿಯು ಬಹುಮಟ್ಟಿಗೆ ಅದೇ. ಆತನು ಏಕಾಗ್ರತೆಗಾಗಿ ಕಾಡಿಗೆ ಹೋಗಲಾರನು; ಕ್ಷಿಪ್ತವೂ ಮೂಢವೂ ಆಗದಂತೆ ತನ್ನನ್ನು ಕಾಪಾಡಿಕೊಳ್ಳಬಲ್ಲನು. ಅಡ್ಡಿಗಳಲ್ಲಿ ಎರಡು ಬಗೆಯುಂಟು. ಮಾಡುತ್ತಿರುವ ಕೆಲಸದಿಂದ ಮನಸ್ಸನ್ನು ಕಿತ್ತು ಬೇರೆಡೆಗೆ ಒಯ್ಯುವುದು ಒಂದು. ಮಾಡುತ್ತಿರುವ ಕೆಲಸದೊಳಕ್ಕೇ ಮನಸ್ಸನ್ನು ಇನ್ನೂ ಆಳವಾಗಿ ತಳ್ಳುವುದು ಇನ್ನೊಂದು. ಮನೋರಮೆಯ ಪ್ರಶ್ನೆಗಳು ಎರಡನೆಯ ಬಗೆಯವು. ಆಕೆ ಅಡ್ಡ ಬರುವುದು ಕೇಳುತ್ತಿರುವುದರಿಂದ. ಕೇಳದಿದ್ದವಳು ಅಡ್ಡ ಬರುತ್ತಿರಲಿಲ್ಲ. ಯಾವುದು ಯಾವ ಬಗೆಯ ಅಡ್ಡಿಯೆಂಬುದನ್ನು ವಿವೇಚಿಸಲು ಬಂದವನಿಗೆ ಬಿಡುವಿನ ಪ್ರಶ್ನೆಯು ಅರ್ಧ ತೀರಿದಂತೆಯೇ.

ಇಲ್ಲಿ ರಾಜಶೇಖರನ ಮನೆಯ ಇನ್ನೊಂದು ಸಂಗತಿಯು ನೆನಪಿಗೆ ಬರುವಂಥದು. ಆತನ ಪತ್ನಿ ಅವಂತಿಸುಂದರಿಯು ವಿದುಷಿ; ಆತನ ‘ಕರ್ಪೂರಮಂಜರಿ’ಯು ರಂಗವೇರಿದುದು ಆಕೆಯ ಇಚ್ಛೆಯಿಂದ. ‘ಕಾವ್ಯಮೀಮಾಂಸೆ’ಯಲ್ಲಿ ಆಚಾರ್ಯರ ಮತಗಳ ಜೊತೆಗೆ ಆಕೆಯ ಮತವನ್ನೂ ಹೆಸರು ಹೇಳಿ ಎತ್ತಿದ್ದಾನೆ. ಪದವನ್ನು ಬದಲಾಯಿಸಲು ಬಾರದಂತೆ ಇರುವುದೇ ಕಾವ್ಯದ ಪಾಕವೆಂದು ವಾಮನನ ಮತದವರು ಹೇಳಿದರೆ, ಅದು ಪಾಕವಲ್ಲ, ಅಶಕ್ತಿಯೆಂದು ಆಕೆ ಖಂಡಿಸುತ್ತಾಳೆ. ರಸಕ್ಕೆ ಉಚಿತವಾದ ಶಬ್ದಾರ್ಥಗಳ ಜೋಡಣೆಯೇ ಪಾಕವೆಂಬುದು ಆಕೆಯ ಸಿದ್ಧಾಂತ. ಮಾತನಾಡದ ಸೇವಕರನ್ನು ಬಯಸಿದ ಶಾಸ್ತ್ರಕಾರನಿಗೂ ಮಾತನಾಡುವ ಮಡದಿಯೊಬ್ಬಳು ಬೇಕಾದಳಲ್ಲವೇ! ಬಿಗಿಯಾದ ಸಮಾಸವನ್ನು ತಡೆದ ಮನೋರಮೆಯು ಕಲ್ಪನೆಯ ಹೆಣ್ಣಾದರೂ ಅವಂತಿಸುಂದರಿಯ ಸಂಪ್ರದಾಯದವಳು. ಕಾಂತಾಸಮ್ಮಿತವಾದ ಉಪದೇಶವು ಕಾವ್ಯದ ಪ್ರಯೋಜನವೆಂದು ಮಮ್ಮಟನು ಹೇಳಿದನು; ಕಾಂತೆಯಂತೆ ಕಾವ್ಯವು ಓದುಗನಿಗೆ ಹಿತವನ್ನು ನುಡಿಯಬೇಕೆಂದು ಅದರ ಭಾವ. ಮುದ್ದಣನು ಅದನ್ನು ತಿರುವಿ ಹಾಕಿದನು. ಅವನಲ್ಲಿ ಕಾಂತೆಯು ಕವಿಗೇ ಉಪದೇಶಿಸುತ್ತಾಳೆ.

೪

ಹೊರಗಣ ಸಲ್ಲಾಪಕ್ಕೂ ಒಳಗಣ ಕಥೆಗೂ ಸಂಬಂಧವೇನು? ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕುವುದಿಲ್ಲ. ಅದು ಮನಬಂದಂತೆ ಹೋಗಬೇಕು. ಅದರ ಹಿಂದೆ ಶತ್ರುಘ್ನನೂ, ಭರತನ ಮಗ ಪುಷ್ಕಲನೂ, ಹನುಮಂತನೂ ಸೈನ್ಯದೊಡನೆ ನಡೆಯಬೇಕು. ಕುದುರೆಯು ಹೊಕ್ಕ ನಾಡು ಯಾವುದೆಂದು ಮುಂದಾಗಿ ತಿಳಿಯದು. ಕೆಲವರು ಒಲಿದು ಬಿಡುತ್ತಾರೆ, ಕೆಲವರು ಕಟ್ಟುತ್ತಾರೆ, ಕಟ್ಟಿದಲ್ಲಿ ಹೋರಾಟ. ಕೊನೆಗೆ ಅದನ್ನು ಕಟ್ಟುವವನು ವಾಲ್ಮೀಕಿಯ ಆಶ್ರಮದ ಬಾಲಕ ಲವ. ಊರೂರು ಸುತ್ತಿದ ಕುದುರೆಯು ರಾಮನನ್ನು ಅವನ ಮಕ್ಕಳ ಬಳಿಗೂ, ತಾನೇ ತೊರೆದ ಸೀತೆಯ ಬಳಿಗೂ ಕೊಂಡೊಯ್ಯುತ್ತದೆ. ಹೊರಗೆ ಅಲೆದದ್ದು ಮನೆಯೊಳಗಣ ಮರೆತ ನೋವಿಗೆ ಬಂದು ಮುಟ್ಟಿತು.

ಇಂದ್ರಿಯಗಳನ್ನು ಕುದುರೆಗಳೆಂದೂ ಮನಸ್ಸನ್ನು ಹಗ್ಗವೆಂದೂ ಕಠೋಪನಿಷತ್ತು ರೂಪಿಸಿದುದು ಪಾಠಶಾಲೆಯ ಮಕ್ಕಳಿಗೂ ತಿಳಿದ ಮಾತು. ಅಲ್ಲಿ ಸಾರಥಿಯು ಹಗ್ಗವನ್ನು ಬಿಗಿಹಿಡಿಯಬೇಕು. ಅಶ್ವಮೇಧದ ಕಲ್ಪನೆಯು ಬೇರೆ. ಇಲ್ಲಿ ಕುದುರೆಗೆ ಹಗ್ಗವಿಲ್ಲ. ಹಿಂದೆ ಎಚ್ಚರದ ಕಾವಲಿದೆ, ಮತ್ತು ವರ್ಷದ ಕೊನೆಗೆ ಯಜ್ಞಶಾಲೆಗೆ ಮರಳಿ ತರುವ ಸಂಕಲ್ಪವಿದೆ. ಸೃಷ್ಟಿಶೀಲನ ಮನಸ್ಸಿಗೆ ಈ ಎರಡನೆಯ ಚಿತ್ರವೇ ಹೆಚ್ಚು ಒಪ್ಪುತ್ತದೆ. ಅಲೆಯದ ಮನಸ್ಸು ಏನನ್ನೂ ತಾರದು. ಕಾವಲಿಲ್ಲದೆ ಅಲೆದ ಮನಸ್ಸು ತಾನೇ ಹಿಂದಿರುಗದು. ಮುದ್ದಣನು ಈ ಅರ್ಥವನ್ನು ಉದ್ದೇಶಿಸಿಯೇ ಕಥೆಯನ್ನು ಆರಿಸಿದನೆಂದು ಸಾಧಿಸುವ ಅವಶ್ಯವಿಲ್ಲ. ಆದರೆ ಗ್ರಂಥದ ನಡೆಯೇ ಹಾಗಿದೆ. ಸಲ್ಲಾಪದಲ್ಲಿ ಮಾತು ಎಲ್ಲಿಗೆ ಹರಿದರೂ ಕವಿಯು ಕಥೆಯ ಎಳೆಯನ್ನು ಕಳೆದುಕೊಳ್ಳುವುದಿಲ್ಲ. ನಕ್ಕು, ಜಗಳವಾಡಿ, ಒಲಿಸಿ, ಮತ್ತೆ ಅದೇ ಎಡೆಗೆ ಬಂದು ನಿಲ್ಲುತ್ತಾನೆ. ಹೊತ್ತು ಕಳೆಯುವುದಕ್ಕಾಗಿ ಬೇಡಿದ ಕಥೆಯು ಹೊತ್ತನ್ನು ಉಳಿಸಿಕೊಡುವ ಕಥೆಯಾಗುತ್ತದೆ.

೫

ಗುಣವನ್ನೇ ಹೇಳಿ ದೋಷವನ್ನು ಮುಚ್ಚಿದರೆ ಅದು ವಿಮರ್ಶೆಯಾಗದು. ಗ್ರಂಥದ ಮಧ್ಯಭಾಗದ ಯುದ್ಧಗಳು ಒಂದರಂತೆ ಒಂದಿದ್ದು ಓದುಗನನ್ನು ದಣಿಸುತ್ತವೆ. ಪುರಾಣದ ಮೂಲವು ಉದ್ದವಾಗಿತ್ತೆಂಬುದು ಸಮಾಧಾನವಾದೀತೇ ಹೊರತು ಸಮರ್ಥನೆಯಾಗದು. ಹಳಗನ್ನಡದ ಪ್ರಯೋಗಗಳಲ್ಲಿ ಕೇಶಿರಾಜನ ಸೂತ್ರಕ್ಕೆ ಹೊಂದದವು ಕೆಲವುಂಟೆಂದು ವೈಯಾಕರಣರು ಎತ್ತಿ ತೋರಿಸಬಲ್ಲರು. ರಾಜಶೇಖರನು ವಿಧಿಸಿದ ನಾಲ್ಕನೆಯ ಜಾವವು, ಎಂದರೆ ಬರೆದುದನ್ನು ತಣ್ಣಗೆ ಕುಳಿತು ತಿದ್ದುವ ಹೊತ್ತು, ಬಾಳೇ ಗಿಡ್ಡವಾಗಿದ್ದ ಈ ಕವಿಗೆ ಸಾಕಷ್ಟು ದೊರೆಯಲಿಲ್ಲವೆಂದು ತೋರುತ್ತದೆ. ದತ್ತಾವಸರನ ಕಷ್ಟವು ಮುಖ್ಯವಾಗಿ ಇಲ್ಲಿಯೇ. ಬರೆಯುವುದಕ್ಕೆ ಕದ್ದ ಹೊತ್ತು ಸಾಕಾದೀತು, ತಿದ್ದುವುದಕ್ಕೆ ಸಾಲದು.

ಇನ್ನೊಂದು ದೋಷವು ಗ್ರಂಥಕ್ಕಿಂತ ಲೋಕಕ್ಕೆ ಸೇರಿದ್ದು. ಮನೋರಮೆಯು ಕಾಲಿಗೆ ನೀರು ಕೊಡುತ್ತಾಳೆ, ಹಣ್ಣು ಹಾಲುಗಳನ್ನು ನೀಡುತ್ತಾಳೆ, ಬಳಿಕ ಕಥೆಗೆ ಕುಳಿತುಕೊಳ್ಳುತ್ತಾಳೆ. ಆಕೆಯ ಮನೆಯಲ್ಲಿ ಒಲೆಯ ಹೊಗೆಯು ಕಾಣಿಸುವುದಿಲ್ಲ. ಕಲ್ಪನೆಯ ಮನೋರಮೆಗೆ ಇಷ್ಟೊಂದು ಬಿಡುವನ್ನು ಕೊಟ್ಟುದು ಕವಿಯ ಔದಾರ್ಯ. ನಿಜವಾದ ಬಡ ಉಪಾಧ್ಯಾಯನ ಮನೆಯಲ್ಲಿ ಹೆಣ್ಣಿಗೆ ಅಷ್ಟು ಬಿಡುವು ಎಲ್ಲಿಂದ ಬರಬೇಕು? ಗಂಡಸರಂತೆ ಹೆಂಗಸರೂ ಕವಿಗಳಾಗಬಹುದೆಂದು ರಾಜಶೇಖರನು ಅದೇ ಹತ್ತನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಬರೆದಿದ್ದಾನೆ. ಆದರೆ ಆಕೆಯ ದಿನದ ಜಾವಗಳನ್ನು ಬೇರೆಯಾಗಿ ಹಂಚಿಕೊಟ್ಟಿಲ್ಲ. ಒಬ್ಬರ ಬಿಡುವನ್ನು ಇನ್ನೊಬ್ಬರ ದುಡಿಮೆಯಿಂದ ಕೊಂಡುಕೊಳ್ಳುವ ಮನೆಯಲ್ಲಿ ಕಾವ್ಯವು ಹುಟ್ಟೀತು, ಸಲ್ಲಾಪವು ಹುಟ್ಟದು. ಮುದ್ದಣನ ಗ್ರಂಥವನ್ನು ಮೆಚ್ಚುವವರು ಈ ಮಾತನ್ನು ಮರೆಯಬಾರದು.

೬

ಕೊನೆಯದಾಗಿ ಕೀರ್ತಿಯ ವಿಚಾರ. ಮಮ್ಮಟನು ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಮೊದಲಿಗೆ ಕೀರ್ತಿಯನ್ನೂ ಬಳಿಕ ಹಣವನ್ನೂ ಹೇಳುತ್ತಾನೆ. ಈ ಉಪಾಧ್ಯಾಯನು ತನ್ನ ಗ್ರಂಥಗಳನ್ನು ಮೈಸೂರಿನ ಪಂಡಿತರಿಗೆ ಕಳುಹಿಸುವಾಗ ಅವು ತನ್ನವೆಂದು ಹೇಳಲಿಲ್ಲ. ಹಳೆಯ ಕವಿಯ ಕೃತಿಗಳೆಂದೇ ಕಳುಹಿಸಿದನು. ಅವು ಹಾಗೆಯೇ ಅಚ್ಚಾದವು. ಕವಿಯು ಯಾರೆಂಬುದು ಲೋಕಕ್ಕೆ ಗೊತ್ತಾಗುವ ಹೊತ್ತಿಗೆ ಕವಿಯು ಇರಲಿಲ್ಲ. ಸಂಕೋಚವೋ, ಹೊಸಬನ ಕೃತಿಯನ್ನು ಯಾರೂ ಮುಟ್ಟಲಾರರೆಂಬ ಲೋಕಜ್ಞಾನವೋ, ಪಂಡಿತರನ್ನು ಪರೀಕ್ಷಿಸುವ ತುಂಟತನವೋ, ಮೂರೂ ಸೇರಿಯೋ ಈ ನಡತೆಗೆ ಕಾರಣವಾಗಿರಬಹುದು. ಕಾರಣವೇನೇ ಇರಲಿ, ಫಲವು ಸ್ಪಷ್ಟ. ಹೆಸರನ್ನು ಬಿಟ್ಟುದರಿಂದ ಕೀರ್ತಿಯೂ ಕೈಬಿಟ್ಟಿತು, ಹಣವಂತೂ ಬರಲಿಲ್ಲ. ಎರಡನ್ನೂ ಕಳೆದ ಮೇಲೂ ಮಮ್ಮಟನ ಪಟ್ಟಿಯಲ್ಲಿ ಕವಿಗೆ ಒಂದು ಪ್ರಯೋಜನವು ಉಳಿಯುತ್ತದೆ: ಆ ಕ್ಷಣದ ಪರಮಾನಂದ, ಕೆಲಸವೇ ಕೊಡುವ ಸುಖ. ಅದೊಂದರ ಬಲದಿಂದ ಆತನು ಬರೆದನು.

ಚಿತ್ತವಿಕ್ಷೇಪಕ್ಕೆ ಹೊರಗಣ ಗದ್ದಲವು ಅಷ್ಟು ದೊಡ್ಡ ಕಾರಣವಲ್ಲ. ಇತರರು ಏನೆಂದುಕೊಳ್ಳುವರೋ ಎಂಬ ಒಳಗಣ ಕಿವಿಯೇ ದೊಡ್ಡ ಕಾರಣ. ಇಂದಿನ ಮನೆಗಳಲ್ಲಿ ಈ ಕಿವಿಗೆ ಬೇಕಾದ ಯಂತ್ರವು ಪ್ರತಿಯೊಬ್ಬನ ಅಂಗೈಯಲ್ಲಿಯೇ ಇದೆ. ಮೊಬೈಲು ಮಾತನಾಡಿಸಿದಾಗಲೆಲ್ಲ ಮನಸ್ಸು ಏಳುತ್ತದೆ. ಅದು ಸುಮ್ಮನಿದ್ದರೂ, ಏಕೆ ಸುಮ್ಮನಿದೆಯೆಂದು ನೋಡಲು ಏಳುತ್ತದೆ. ಯಂತ್ರವನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಮುದ್ದಣನ ಕಾಲದಲ್ಲಿ ಅದಿರಲಿಲ್ಲ, ಆದರೂ ಬಿಡುವಿಲ್ಲವೆನ್ನುವವರು ಆಗಲೂ ಇದ್ದರು. ಬೈಯುವುದಕ್ಕಿಂತ ಮೇಲಾದುದು ಅಡ್ಡಿಗಳನ್ನು ವಿವೇಚಿಸುವುದು. ಮಗುವು ಬಂದು ಕೇಳುವ ಪ್ರಶ್ನೆಯೂ ಅಡ್ಡಿಯೇ, ಕಂಡವರ ಊಟದ ಚಿತ್ರವೂ ಅಡ್ಡಿಯೇ. ಎರಡೂ ಒಂದೇ ಜಾತಿಯವಲ್ಲ. ಮೊದಲನೆಯದಕ್ಕೆ ಉತ್ತರ ಕೊಟ್ಟವನು ತನ್ನ ಕೆಲಸಕ್ಕೆ ಏನನ್ನಾದರೂ ಹೊತ್ತುಕೊಂಡು ಹಿಂದಿರುಗುತ್ತಾನೆ. ಎರಡನೆಯದರಿಂದ ಬರಿಗೈಯಲ್ಲಿ ಬರುತ್ತಾನೆ.

ಸೃಷ್ಟಿಕಾರ್ಯವೆಂದರೆ ಎಲ್ಲರೂ ಕಾವ್ಯ ಬರೆಯಬೇಕೆಂದು ಅರ್ಥವಲ್ಲ. ಹತ್ತು ವಾಕ್ಯಗಳ ಒಂದು ಓಲೆಯನ್ನು ತಿದ್ದಿ ಬರೆಯುವುದು, ಹಳೆಯ ಕಾವ್ಯದ ಒಂದು ಸಂಧಿಯನ್ನು ಮನೆಯವರು ಕೇಳುವಂತೆ ಓದಿ ಅರ್ಥ ಹೇಳುವುದು, ಒಂದು ರಾಗವನ್ನು ಶ್ರುತಿ ತಪ್ಪದೆ ಹಾಡುವುದು, ಮಗುವಿಗೆ ಹೊಸದೊಂದು ಕಥೆಯನ್ನು ಕಟ್ಟಿ ಹೇಳುವುದು, ಇವೆಲ್ಲವೂ ಅದೇ ಜಾತಿಯ ಕೆಲಸಗಳು. ಇವುಗಳಲ್ಲಿ ತೊಡಗಿದವನಿಗೆ ತಾನು ಏನನ್ನು ಬಲ್ಲೆನೆಂಬುದೂ, ಎಲ್ಲಿ ಎಡವುತ್ತೇನೆಂಬುದೂ ತಿಳಿಯುತ್ತ ಹೋಗುತ್ತದೆ. ವಿಚಾರವಂತನಾಗಿ ಬಾಳುವುದೆಂದರೆ ಅದಕ್ಕಿಂತ ಬೇರೆಯಲ್ಲ. ಬರಿದೆ ನೋಡುವವನಿಗೆ, ಬರಿದೆ ಕೇಳುವವನಿಗೆ ಈ ತಿಳಿವು ಬಾರದು; ಅವನು ಎಡವುವುದೇ ಇಲ್ಲ.

‘ಶ್ರೀರಾಮಾಶ್ವಮೇಧ’ವನ್ನು ಓದಲು ಹೊರಟವರಿಗೆ ಒಂದು ಸೂಚನೆ ಅನುಚಿತವಾಗಲಾರದು. ಹಳಗನ್ನಡವೆಂದು ಹೆದರಿ ಸಾರಾಂಶವನ್ನು ಹುಡುಕುವುದಕ್ಕಿಂತ, ಮೊದಲಿನ ಸಲ್ಲಾಪದ ಭಾಗವನ್ನು ಇಬ್ಬರು ಕುಳಿತು ಗಟ್ಟಿಯಾಗಿ ಓದುವುದು ಒಳ್ಳೆಯದು. ಒಬ್ಬರು ಮುದ್ದಣನ ಮಾತನ್ನು, ಇನ್ನೊಬ್ಬರು ಮನೋರಮೆಯ ಮಾತನ್ನು. ಕಿವಿಗೆ ಬಿದ್ದಾಗ ಆ ಗದ್ಯವು ಕಣ್ಣಿಗೆ ತೋರಿದಷ್ಟು ಕಠಿನವಲ್ಲವೆಂದು ಗೊತ್ತಾಗುತ್ತದೆ. ನಡುವೆ ಯಾರಾದರೂ ಬಾಯಿ ಹಾಕಿ ಅರ್ಥ ಕೇಳಿದರೆ ಓದು ಕೆಟ್ಟಿತೆಂದು ಎಣಿಸಬೇಕಾಗಿಲ್ಲ. ಆ ಗ್ರಂಥವು ಬರೆಯಲ್ಪಟ್ಟುದು ಹಾಗೆ ಓದುವವರಿಗಾಗಿಯೇ.